ಒಂದು ಮಿಲಿಮೀಟರ್ ಹುಳು, ಲೋಕದ ತುಂಬ ಗೆಳೆಯರು

ನಿಮ್ಮ ಸ್ಕೇಲಿನ ಎರಡು ಪುಟ್ಟ ಗೆರೆಗಳ ನಡುವೆ ಹಿಡಿಸುವಷ್ಟು ಸಣ್ಣ ಹುಳು ಅದು. ಹೆಸರು ಸಿ. ಎಲೆಗನ್ಸ್. ಕೊಳೆತ ಹಣ್ಣು, ಎಲೆಗಳ ನಡುವೆ ಬ್ಯಾಕ್ಟೀರಿಯಾ ತಿಂದುಕೊಂಡು ಬದುಕುತ್ತದೆ. ಮೈಯೆಲ್ಲ ಪಾರದರ್ಶಕ. ಸೂಕ್ಷ್ಮದರ್ಶಕದಡಿ ಇಟ್ಟರೆ ಒಳಗಿನ ಜೀವಕೋಶಗಳು ಒಂದೊಂದಾಗಿ ಕಾಣುತ್ತವೆ.

ಒಂದೇ ಕೋಶದ ಮೊಟ್ಟೆಯಿಂದ ಇಡೀ ಪ್ರಾಣಿ ಆಗುವುದು ಹೇಗೆ? ಇದನ್ನು ತಿಳಿಯಲು ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಸಿಡ್ನಿ ಬ್ರೆನರ್ 1960ರ ದಶಕದಲ್ಲಿ ಈ ಹುಳುವನ್ನು ಆರಿಸಿಕೊಂಡರು. ಅವರ ಜೊತೆಗಾರ ಜಾನ್ ಸಲ್‌ಸ್ಟನ್ ಮೊಟ್ಟೆಯೊಳಗಿನ ಮರಿಯನ್ನು ನೋಡುತ್ತ ಕೂತರು. ದಿನಕ್ಕೆ ಎರಡು ಸಲ, ಒಂದೊಂದು ಸಲ ನಾಲ್ಕು ಗಂಟೆ, ಸುಮಾರು ಒಂದೂವರೆ ವರ್ಷ! ಯಾವ ಕೋಶ ಯಾವಾಗ ಎರಡಾಯಿತು ಎಂದು ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿಕೊಂಡರು. ಸಂತಾನದ ಕೋಶಗಳನ್ನು ಬಿಟ್ಟರೆ ಬೆಳೆದ ಹುಳುವಿನಲ್ಲಿರುವುದು 959 ಕೋಶ. ಅವುಗಳಲ್ಲಿ ಒಂದೊಂದರ ವಂಶಾವಳಿಯೂ ಈಗ ನಮಗೆ ಗೊತ್ತು.

ಇಷ್ಟು ಕಷ್ಟಪಟ್ಟು ಕಂಡದ್ದನ್ನು ಯಾರಿಗಾದರೂ ಬಚ್ಚಿಟ್ಟುಕೊಳ್ಳಬೇಕು ಅನ್ನಿಸಬಹುದು, ಅಲ್ಲವೇ? ಹುಳುವಿನ ಗೆಳೆಯರು, ಅಂದರೆ ಅದನ್ನು ಅಭ್ಯಾಸ ಮಾಡುತ್ತಿದ್ದ ವಿಜ್ಞಾನಿಗಳು, ಹಾಗೆ ಮಾಡಲಿಲ್ಲ. 1975ರಲ್ಲಿ ಅವರು ತಮ್ಮದೇ ಒಂದು ಸುದ್ದಿಪತ್ರ ಶುರುಮಾಡಿದರು. ಅದರಲ್ಲಿ ಮುಗಿದ ಕೆಲಸಕ್ಕಿಂತ ಅರ್ಧಕ್ಕೆ ಬಂದ ಕೆಲಸದ ಸುದ್ದಿಯೇ ಹೆಚ್ಚು. ಒಂದೇ ನಿಯಮ: ಇಲ್ಲಿ ಓದಿದ್ದನ್ನು ನಿಮ್ಮ ಲೇಖನದಲ್ಲಿ ಬಳಸುವ ಮುಂಚೆ ಬರೆದವರನ್ನು ಕೇಳಿ. ನನಗೆ ಈ ನಿಯಮ ತುಂಬ ಇಷ್ಟ. ಒಬ್ಬರನ್ನೊಬ್ಬರು ನಂಬಿದ್ದರಿಂದಲೇ ಅವರು ಅಷ್ಟು ಧೈರ್ಯವಾಗಿ ಹಂಚಿಕೊಂಡರು.

ಮುಂದೆ ಸಲ್‌ಸ್ಟನ್ ಮತ್ತು ಅಲನ್ ಕೌಲ್ಸನ್ ಹುಳುವಿನ ಡಿಎನ್‌ಎಗೆ, ಅಂದರೆ ಕೋಶದೊಳಗೆ ಅಕ್ಷರಗಳ ಸಾಲಿನಂತೆ ಇರುವ ಸೂಚನೆಗಳಿಗೆ, ನಕ್ಷೆ ತಯಾರಿಸತೊಡಗಿದರು. ಬೇರೆ ಪ್ರಯೋಗಾಲಯದವರು ಕೇಳಿದರೆ ಡಿಎನ್‌ಎ ತುಣುಕನ್ನೇ ಕಳಿಸಿಕೊಡುತ್ತಿದ್ದರು. ಅದರಲ್ಲಿ ಯಾವ ಜೀನ್, ಅಂದರೆ ಯಾವ ಸೂಚನೆ, ಇದೆ ಎಂದು ಕಂಡವರು ತಿರುಗಿ ತಿಳಿಸುತ್ತಿದ್ದರು. ಹೀಗೆ ಕೊಟ್ಟಷ್ಟೂ ನಕ್ಷೆ ತುಂಬುತ್ತ ಹೋಯಿತು. 1998ರಲ್ಲಿ ಈ ಹುಳುವಿನ ಡಿಎನ್‌ಎಯ ಸುಮಾರು 10 ಕೋಟಿ ಅಕ್ಷರಗಳು ಪ್ರಕಟವಾದವು. ಪ್ರಾಣಿಲೋಕದಲ್ಲಿ ಹಾಗೆ ಓದಿಸಿಕೊಂಡ ಮೊದಲ ಜೀವಿ ಇದೇ.

ಅಷ್ಟರಲ್ಲಿ ಮನುಷ್ಯನ ಡಿಎನ್‌ಎ ಓದುವ ಕೆಲಸವೂ ನಡೆದಿತ್ತು. ಅಲ್ಲಿ ಸುಮಾರು 300 ಕೋಟಿ ಅಕ್ಷರ! 1996ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಬರ್ಮುಡಾ ದ್ವೀಪದಲ್ಲಿ ಸೇರಿದರು. ಹುಳುವಿನ ಕೆಲಸದಲ್ಲಿ ಪಳಗಿದ್ದ ಸಲ್‌ಸ್ಟನ್, ಅಮೆರಿಕದ ಬಾಬ್ ವಾಟರ್‌ಸ್ಟನ್ ಅಲ್ಲಿದ್ದರು. ಓದಿ ಜೋಡಿಸಿದ ಭಾಗವನ್ನು 24 ಗಂಟೆಯೊಳಗೆ ಎಲ್ಲರಿಗೂ ಸಿಗುವಂತೆ ಇಡಬೇಕು ಎಂದು ಸಭೆ ಒಪ್ಪಿತು. ಯಾವುದೋ ಕಾಯಿಲೆಯ ಜೀನ್ ಹುಡುಕುತ್ತಿರುವವರು ಇಡೀ ಕೆಲಸ ಮುಗಿಯುವವರೆಗೆ ಯಾಕೆ ಕಾಯಬೇಕು?

2003ರಲ್ಲಿ ಮನುಷ್ಯನ ಡಿಎನ್‌ಎ ಓದುವ ಯೋಜನೆ ಮುಗಿಯಿತು. ನಿಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಇಂಟರ್‌ನೆಟ್ ಇದ್ದರೆ ಆ ಅಕ್ಷರಗಳನ್ನು ಇವತ್ತೇ ತೆರೆದು ನೋಡಬಹುದು. ಹುಳುವಿನದನ್ನೂ ನೋಡಬಹುದು. ಯಾರ ಅನುಮತಿಯೂ ಬೇಡ, ಒಂದು ಪೈಸೆಯೂ ಕೊಡಬೇಕಿಲ್ಲ.