ಚೀಟಿ ಕೌಂಟರ್‌ನಲ್ಲೇ ಸೋತ ಚಿಕಿತ್ಸೆ

ವೀಕ್ಷಕರೇ, ಒಂದು ಲೆಕ್ಕ ನೋಡಿ. 2017ರಲ್ಲಿ ದೇಶದ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಶೇ 0.22. ಅದೇ ವರ್ಷ ನ್ಯಾಕೋ ಸಮೀಕ್ಷೆಗೆ ಸಿಕ್ಕ ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಶೇ 3.14. ಹದಿನಾಲ್ಕು ಪಟ್ಟು! ‘ಅವರ ನಡತೆನೇ ಹಾಗೆ’ ಅಂತ ಚಾನೆಲ್ ಬದಲಿಸಬೇಡಿ. ಹೆತ್ತವರು ಹೊರಹಾಕಿದರು, ಬಾಡಿಗೆಗೆ ಮನೆ ಸಿಗಲಿಲ್ಲ, ಕೆಲಸ ಯಾರೂ ಕೊಡಲಿಲ್ಲ. ಎಷ್ಟೋ ಜನರಿಗೆ ಕಡೆಗೆ ಉಳಿಯೋದು ರಸ್ತೆ. ಅಲ್ಲಿ ಕಾಂಡೋಮ್ ಬೇಕೇ ಬೇಕು ಅಂತ ಹಟ ಹಿಡಿದರೆ ಗಿರಾಕಿ ಪಕ್ಕದವರ ಹತ್ತಿರ ಹೋಗ್ತಾನೆ. ಅವತ್ತಿನ ಊಟ ಖೋತಾ. ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಮಾತ್ರೆ ಉಚಿತ. ದಿನಾ ನುಂಗಿ, ವೈರಸ್ ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸೋಂಕು ದಾಟೋದಿಲ್ಲ. ಆದರೆ ‘ನೀನು ಗಂಡಸರ ಸಾಲಾ, ಹೆಂಗಸರ ಸಾಲಾ’ ಅಂತ ಕಿಸಕ್ಕನೆ ನಕ್ಕರೆ ಆಸ್ಪತ್ರೆಗೆ ಯಾರು ಬರ್ತಾರೆ? ಆರೋಗ್ಯ ಸೇವೆಯಲ್ಲಿ ತಾರತಮ್ಯ ಕೂಡದು ಎಂದು 2019ರ ಕಾಯ್ದೆ ಹೇಳುತ್ತೆ. ಸಚಿವರೇ, ಅದರ ಪ್ರತಿಯನ್ನ ಚೀಟಿ ಕೌಂಟರ್‌ಗೂ ಕಳಿಸಿದ್ದೀರಾ?