ಚಾವಣಿಯಲ್ಲಿ ಕಾಣದ ಬೆಂಕಿ



ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ಗ್ರೀಕ್ ಪುರಾಣದ ವೀರ ಹರ್ಕ್ಯುಲಿಸ್‌ನ ಹೆಸರಿನ ಒಂದು ಸಭಾಂಗಣವಿದೆ. ಒಳಗೆ ಹೋದವರ ಕಣ್ಣು ತಾನಾಗಿ ಮೇಲಕ್ಕೆ ಹೋಗುತ್ತದೆ. ಚಾವಣಿಯ ಉದ್ದಗಲಕ್ಕೂ ಆಕಾಶ. ತಿಳಿನೀಲಿ, ನಸುಗೆಂಪು ಮೋಡಗಳ ನಡುವೆ ದೇವದೇವತೆಯರ ದೊಡ್ಡ ಸಂತೆಯೇ ನೆರೆದಿದೆ, ಎಣಿಸಿದರೆ 142 ಆಕೃತಿಗಳು. ರಥವೇರಿ ದೇವಲೋಕಕ್ಕೆ ಬರುತ್ತಿರುವವನು ಹರ್ಕ್ಯುಲಿಸ್. ರಥದ ಕೆಳಗೆ ದುರ್ಗುಣಗಳೆಲ್ಲ ತಲೆಕೆಳಗಾಗಿ ಉರುಳುತ್ತಿವೆ. ಫ್ರಾಂಸ್ವಾ ಲೆಮ್ವಾನ್ ಎಂಬ ಚಿತ್ರಕಾರ ಇದನ್ನು ಬಿಡಿಸಿ ಮುಗಿಸಿದ್ದು 1736ರಲ್ಲಿ. ಚಾವಣಿಗೆ ಅಂಟಿಸಿದ ಕ್ಯಾನ್ವಾಸು, ಅದರ ಮೇಲೆ ಎಣ್ಣೆಬಣ್ಣ. ಆದರೂ ಎಲ್ಲೂ ಭಾರವೆನಿಸುವುದಿಲ್ಲ, ಗಾಳಿ ಬೀಸಿದರೆ ಎಲ್ಲ ತೇಲಿಹೋದೀತು ಎನ್ನುವಂತಿದೆ. ಆ ಕಾಲದ ರೊಕೊಕೊ ಶೈಲಿಯವರಿಗೆ ಈ ಹಗುರತನ ಬಹಳ ಪ್ರೀತಿ.

ದೇವರಾಜ ಜೂಪಿಟರ್ ತನ್ನ ಮಗನನ್ನು ಎದುರುಗೊಳ್ಳುತ್ತಿದ್ದಾನೆ. ಹರ್ಕ್ಯುಲಿಸ್‌ನ ಕೈಹಿಡಿಯಲಿರುವ ಹೀಬಿ, ಯೌವನದ ದೇವತೆ, ಅಲ್ಲೇ ಇದ್ದಾಳೆ. ಜೊತೆಗೆ ಅವಳ ತಾಯಿ, ಜೂಪಿಟರನ ಹೆಂಡತಿ ಜೂನೋ. ಇವಳನ್ನು ಸ್ವಲ್ಪ ನಿಂತು ನೋಡಬೇಕು. ಮಲತಾಯಿಯ ಮತ್ಸರ ಎಂದರೆ ಇವಳದು. ತೊಟ್ಟಿಲಲ್ಲಿದ್ದ ಕೂಸಿನ ಮೇಲೆ ಹಾವು ಬಿಟ್ಟವಳು. ಬೆಳೆದ ಮೇಲೆ ಅವನಿಗೆ ಹುಚ್ಚು ಹಿಡಿಸಿ, ಅವನ ಮಕ್ಕಳನ್ನು ಅವನ ಕೈಯಿಂದಲೇ ಕೊಲ್ಲಿಸಿದವಳು. ಅವನು ಮಾಡಿದ ಹನ್ನೆರಡು ಸಾಹಸಗಳನ್ನು ನಾವು ಪರಾಕ್ರಮ ಅಂತ ಮೆಚ್ಚುತ್ತೇವೆ, ಅವನ ಪಾಲಿಗೆ ಅವು ಪ್ರಾಯಶ್ಚಿತ್ತ. ಅಂಥ ಜೂನೋ ಈಗ ತನ್ನ ಮಗಳನ್ನೇ ಅವನಿಗೆ ಕೊಡುತ್ತಿದ್ದಾಳೆ. ರಥಕ್ಕಿಂತ ನನಗೆ ದೊಡ್ಡ ಪವಾಡವೆನಿಸುವುದು ಇದು.

ಆದರೆ ಈ ಸಂಭ್ರಮಕ್ಕೆ ಮುಂಚೆ ಏನಾಯಿತು ಎಂಬುದು ಚಾವಣಿಯಲ್ಲಿಲ್ಲ. ಹರ್ಕ್ಯುಲಿಸ್‌ನ ಹೆಂಡತಿ ಡಯಾನಿರ, ಗಂಡನ ಒಲವು ಉಳಿದೀತೆಂದು ನಂಬಿ ಒಂದು ಅಂಗಿ ಕಳಿಸಿದಳು. ಅದಕ್ಕೆ ಸವರಿದ್ದು ವಶೀಕರಣದ ಮದ್ದಲ್ಲ, ವಿಷ. ಮೈಗೆ ಅಂಟಿದ ಬಟ್ಟೆಯನ್ನು ಕಿತ್ತರೆ ಚರ್ಮವೂ ಕಿತ್ತು ಬರುತ್ತಿತ್ತು. ಉರಿ ತಡೆಯಲಾರದೆ ಈಟ ಪರ್ವತದ ಮೇಲೆ ತನ್ನ ಚಿತೆಯನ್ನು ತಾನೇ ಒಟ್ಟಿಕೊಂಡು ಏರಿದ. ತಾಯಿಯಿಂದ ಬಂದ ಮರ್ತ್ಯದ ಪಾಲು ಸುಟ್ಟುಹೋಯಿತು, ತಂದೆಯ ದೈವದ ಪಾಲು ಉಳಿಯಿತು ಎನ್ನುತ್ತದೆ ಪುರಾಣ. ಅರಮನೆಗೆ ಬೇಕಿದ್ದುದು ಸ್ವಾಗತದ ದೃಶ್ಯ, ಚಿತೆಯದಲ್ಲ. ಫ್ರಾನ್ಸಿನ ದೊರೆಗಳಿಗೆ ತಮ್ಮನ್ನು ಹರ್ಕ್ಯುಲಿಸ್‌ಗೆ ಹೋಲಿಸಿಕೊಳ್ಳುವ ಹಳೆಯ ಚಟ. ಆಗಿನ ಮುಖ್ಯಮಂತ್ರಿ ಕಾರ್ಡಿನಲ್ ಫ್ಲೂರಿಯ ಹೆಸರಿನಲ್ಲೇ ಹರ್ಕ್ಯುಲಿಸ್ ಇದ್ದ!

ಚಿತ್ರ ಮೆಚ್ಚಿದ ಹದಿನೈದನೆಯ ಲೂಯಿ, ಲೆಮ್ವಾನ್‌ನನ್ನು ಆಸ್ಥಾನದ ಪ್ರಥಮ ಚಿತ್ರಕಾರನನ್ನಾಗಿ ಮಾಡಿದ. ಅದಕ್ಕಿಂತ ದೊಡ್ಡ ಪದವಿ ಚಿತ್ರಕಾರನಿಗೆ ಇರಲಿಲ್ಲ. ಮರುವರ್ಷ, 1737ರ ಜೂನ್‌ನಲ್ಲಿ, ಆತ ತನ್ನ ಕೈಯಾರೆ ಜೀವ ಕಳೆದುಕೊಂಡ. ವರ್ಷಗಟ್ಟಲೆ ಮೈಮುರಿದ ದುಡಿಮೆ, ಹೆಂಡತಿಯ ಸಾವು ಎಂದೆಲ್ಲ ಬರೆದಿದ್ದಾರೆ. ಒಬ್ಬನ ಒಳಗಿನ ಉರಿಗೆ ಇಂಥದ್ದೇ ಕಾರಣ ಎಂದು ಹೊರಗೆ ನಿಂತು ತೀರ್ಮಾನಿಸುವುದು ನನಗೆ ಸರಿ ಕಾಣುವುದಿಲ್ಲ. ಪದವಿ ಎಲ್ಲರಿಗೂ ಕಂಡಿತ್ತು, ಉರಿ ಕಂಡಿರಲಿಲ್ಲ. ಅಷ್ಟನ್ನು ಹೇಳಬಹುದು.

ಈಟ ಪರ್ವತದಲ್ಲಿ ಹರ್ಕ್ಯುಲಿಸ್‌ನ ಉರಿಯನ್ನು ಕಣ್ಣಾರೆ ಕಂಡವನೊಬ್ಬನಿದ್ದ, ಫಿಲೊಕ್ಟಿಟಿಸ್. ಚಿತೆಗೆ ಬೆಂಕಿಯಿಡಲು ಉಳಿದವರಿಗೆಲ್ಲ ಕೈ ಬರಲಿಲ್ಲ. ಇವನು ಇಟ್ಟ, ಹರ್ಕ್ಯುಲಿಸ್ ತನ್ನ ಬಿಲ್ಲನ್ನು ಇವನಿಗೆ ಕೊಟ್ಟ. ಮುಂದೆ ಟ್ರಾಯ್ ಯುದ್ಧಕ್ಕೆ ಹೊರಟಾಗ ಹಾವು ಕಚ್ಚಿ ಇವನ ಕಾಲು ಕೊಳೆಯಿತು. ನಾತ ತಾಳದೆ, ನರಳಾಟ ಕೇಳಲಾರದೆ ಗ್ರೀಕರು ಇವನನ್ನು ಲೆಮ್ನೋಸ್ ದ್ವೀಪದಲ್ಲಿ ಬಿಟ್ಟು ಹೋದರು. ಆ ಬಿಲ್ಲಿಲ್ಲದೆ ಟ್ರಾಯ್ ಗೆಲ್ಲಲಾಗದು ಎಂದು ಗೊತ್ತಾದ ಮೇಲೆ, ಅವರೇ ಹಡಗು ಕಟ್ಟಿಕೊಂಡು ಇವನನ್ನು ಕರೆಯಲು ಬಂದರು.