ಹೆಸರು ಗೋಡೆಗಲ್ಲ, ಕೆಲಸಕ್ಕೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ಅಕ್ಕಲಕೋಟ ಭಾಗದ ಹುಡುಗ-ಹುಡುಗಿಯರು ಈಗ ಡಿ.ಫಾರ್ಮ್, ಬಿ.ಫಾರ್ಮ್ ಓದುತ್ತಿದ್ದಾರೆ. ನಮ್ಮ ಹಿರಿಯರಿಗೆ ಅಂಗಡಿಯ ಕಟ್ಟೆ ಹತ್ತಗೊಡದ ಕಾಲವಿತ್ತು. ಅವರ ಮೊಮ್ಮಕ್ಕಳು ಇವತ್ತು ಕಟ್ಟೆಯ ಒಳಗೆ ನಿಂತು ಊರಿಗೆಲ್ಲ ಔಷಧ ಕೊಡುವಂತಾಗಿದೆ. ಸಂತೋಷ. ಆದರೆ ನೇರವಾಗಿ ಒಂದು ಮಾತು ಕೇಳತೇನಿ: ಅಲ್ಲಿ ನೀವು ನಿಂತಿರತೀರೋ, ನಿಮ್ಮ ಸರ್ಟಿಫಿಕೇಟ್ ಮಾತ್ರ ಗೋಡೆಗೆ ತೂಗತಿರತದೋ?

1948ರ ಫಾರ್ಮಸಿ ಕಾಯ್ದೆಯ 42ನೇ ಕಲಮಿನಂತೆ, ಡಾಕ್ಟರ ಚೀಟಿ ನೋಡಿ ಔಷಧ ಕೊಡುವುದು ನೋಂದಾಯಿತ ಫಾರ್ಮಾಸಿಸ್ಟರ ಕೆಲಸ. ಅದಕ್ಕೇ ನಿಮ್ಮ ಹೆಸರನ್ನು ಬಾಡಿಗೆಗೆ ಕೇಳುವವರು ಬರತಾರೆ. "ನೀ ಬರೋದೇ ಬ್ಯಾಡ, ತಿಂಗಳಾ ರೊಕ್ಕ ಮನಿಗೆ ಬರತದ" ಅಂತಾರೆ. ಮನೆಯಲ್ಲಿ ಅಡಚಣೆ ಇದ್ದಾಗ ಒಲ್ಲೆ ಅನ್ನುವುದು ಸುಲಭವಲ್ಲ. ಆದರೆ ಆ ಅಂಗಡಿಯಿಂದ ತಪ್ಪು ಗುಳಿಗಿ ಹೋದರೆ, ಜವಾಬು ಕೊಡಬೇಕಾದವರು ಗೋಡೆಯ ಮೇಲೆ ಹೆಸರಿದ್ದವರು.

ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಗುಳಿಗಿಯನ್ನೇ ನೋಡಿ. ಅದನ್ನು ವಾರಕ್ಕೆ ಒಂದೇ ದಿನ ತಗೋಬೇಕು. ತಿಳಿಯದೆ ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣ ಇಳಿದು, ಜೀವಕ್ಕೇ ಬರತದ. ಚೀಟಿ ಇಂಗ್ಲಿಷಿನಲ್ಲಿ, ಅಂಗಡಿಯ ಫಲಕ ಮರಾಠಿಯಲ್ಲಿ, ಅಜ್ಜಿಯ ಮಾತು ಕನ್ನಡ. "ಅವ್ವಾ, ಇದು ದಿನಾ ಅಲ್ಲ, ಸೋಮವಾರ ಒಂದೇ ದಿನ" ಎಂದು ಹೇಳಿ, ಆಕೆಯಿಂದ ತಿರುಗಿ ಹೇಳಿಸುವವರು ಬೇಕು. ಗೋಡೆಯ ಕಾಗದ ಮಾತಾಡುವುದಿಲ್ಲ.

ಇದನ್ನು ಕಲಿಯಲಿಕ್ಕೇ ಡಿ.ಫಾರ್ಮ್‌ನಲ್ಲಿ ಎರಡು ವರ್ಷದ ಪಾಠದ ನಂತರ 500 ತಾಸಿನ ಪ್ರಾಯೋಗಿಕ ತರಬೇತಿ ಇಟ್ಟಿದ್ದಾರೆ. ಬರೀ ಸಹಿ ಹಾಕಿಸಿ ಮುಗಿಸಬೇಡಿ. ಬಿ.ಡಿ. ಅಂದರೆ ದಿನಕ್ಕೆರಡು ಸಲ, ಟಿ.ಡಿ.ಎಸ್. ಅಂದರೆ ಮೂರು ಸಲ, ಎಚ್.ಎಸ್. ಅಂದರೆ ಮಲಗುವಾಗ, ಇದು ಕಣ್ಣಿಗೆ ರೂಢಿಯಾಗಲಿ. ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇದೆಯೋ ನೋಡಿ. ಎಚ್-1 ಪಟ್ಟಿಯ ಔಷಧ ಕೊಟ್ಟಾಗ ರೋಗಿ, ಡಾಕ್ಟರ್, ಔಷಧ, ಪ್ರಮಾಣ ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆಯುವುದನ್ನು ಕಲಿಯಿರಿ. ಆ ರಿಜಿಸ್ಟರನ್ನು ಮೂರು ವರ್ಷ ಕಾಯ್ದಿಡಬೇಕು.

ಕಲಿಸುವ ಗುರುಗಳಿಗೂ ನನ್ನ ವಿನಂತಿ. ಕನ್ನಡ ಶಾಲೆಯಿಂದ ಬಂದ ಮಕ್ಕಳು ಇಂಗ್ಲಿಷ್ ಪುಸ್ತಕದ ಮುಂದೆ ಸುಮ್ಮನೆ ಕೂತರೆ ದಡ್ಡರೆನ್ನಬೇಡಿ. ಮೊದಲು ಅವರ ಮಾತಿನಲ್ಲಿ ಅರ್ಥ ಹೇಳಿ, ಆಮೇಲೆ ಇಂಗ್ಲಿಷ್ ಹೆಸರು ಕೊಡಿ. ನೀವೂ ವರ್ಷಕ್ಕೆ ಕೆಲವು ದಿನ ಆಸ್ಪತ್ರೆಯ ಔಷಧ ವಿಭಾಗದಲ್ಲಿ ನಿಲ್ಲಿರಿ. ಔಷಧ ಬದಲಾಗತಾವ, ಹಳೆಯ ನೋಟ್ಸ್ ಸಾಲುವುದಿಲ್ಲ.

ತಮ್ಮಂದಿರೇ, ತಂಗಿಯರೇ, ಡಿ.ಫಾರ್ಮ್‌ಗೇ ನಿಲ್ಲಬೇಡಿ. ಅದು ಪಾಸಾದವರಿಗೆ ಬಿ.ಫಾರ್ಮ್ ಎರಡನೇ ವರ್ಷಕ್ಕೆ ನೇರ ಪ್ರವೇಶದ ದಾರಿ ಇದೆ. ಮುಂದೆ ಜಿಪ್ಯಾಟ್ ಬರೆದು ಎಂ.ಫಾರ್ಮ್ ಸೇರಿ. ಮೆಟ್ರಿಕ್ ನಂತರದ ಶಿಷ್ಯವೇತನದ ಅರ್ಜಿಯನ್ನು ಮಹಾಡಿಬಿಟಿಯಲ್ಲಿ ವೇಳೆಗೆ ಸರಿಯಾಗಿ ತುಂಬಿ. ಜಾತಿ, ಆದಾಯದ ದಾಖಲೆ ಮೊದಲೇ ತೆಗೆಸಿಡಿ. ನಾಳೆ ಕಾಲೇಜಿನ ಕರಿಹಲಗೆಯ ಮುಂದೆ ನಿಂತು ಕಲಿಸುವವರೂ ನಮ್ಮ ಓಣಿಯವರಾಗಬೇಕು.

ಈಗಾಗಲೇ ಪಾಸಾದವರು ರವಿವಾರ ಎರಡು ತಾಸು ಸಂಘದ ಕೋಣೆಗೆ ಬನ್ನಿ. ಹಳೆಯ ಚೀಟಿಗಳ ಮೇಲಿನ ರೋಗಿಯ ಹೆಸರು ಅಳಿಸಿ, ಕಿರಿಯರಿಂದ ಓದಿಸಿರಿ. ಹೆಸರು ಬಾಡಿಗೆಗೆ ಕೊಡುವುದಿಲ್ಲ ಎಂಬ ಮಾತನ್ನೂ ಅಲ್ಲೇ ಒಬ್ಬರಿಗೊಬ್ಬರು ಕೊಡಿರಿ.

ಜೈ ಭೀಮ್.